ಹುಣಸೆಹಣ್ಣಿನಲ್ಲಿ ತೊಳೆದ ಪುಂಗಳಿಗಳು

ಮೊನ್ನೆ ಅಥಣಿ ಬಸ್ ಸ್ಟ್ಯಾಂಡಿನಲ್ಲಿ ಐಗಳಿಯ ಬಸ್ಸು ಹತ್ತಿ ಕೂತಿದ್ದೆ. ಹೊರಗೆ ಮಳೆ ಹಿಡಿದಿತ್ತು. ತೊಯ್ದ ಕಂಬಳಿ ಹೊದ್ದ ಮುದುಕನೊಬ್ಬ ಹತ್ತಿ ನನ್ನ ಪಕ್ಕದಲ್ಲಿ ಕೂತ. ಮುಂದಿನ ಸೀಟಿನ ಹುಡುಗಿಯರು ಮೂಗಿಗೆ ಓಢಣಿ ಹಿಡಿದು ಕಿಟಕಿಯ ಕಡೆ ಸರಿದುಕೊಂಡರು. ಅವನಿಗೇ ಸಂಕೋಚವಾಗಿ, "ವಾಸನಿ ಬರ್ತೈತೇನ ಯವ್ವಾ? ಹಿಂದ ಹೋಗ್ತೀನಿ ತಡಿ" ಎಂದ.

"ಕುಂಡ್ರರಿ ಅಜ್ಜಾರ, ನನಗ ರೂಢಿ ಐತಿ" ಎಂದೆ.

ರೂಢಿ ಎಂದದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉಜ್ಜಾಡತೊಡಗಿತ್ತು. ಬೆರಳಿನ ನಡುವೆ ಏನೋ ಜಿಡ್ಡಿದೆ, ಅದನ್ನು ತೆಳ್ಳಗೆ, ಇನ್ನೂ ತೆಳ್ಳಗೆ ಮಾಡಬೇಕು ಎನ್ನುವ ಹಾಗೆ. ಬಲಭುಜವೂ ನೋಯತೊಡಗಿತು. ಮೂವತ್ತು ವರ್ಷಕ್ಕೂ ಮೀರಿದ ನೋವು, ವಿಳಾಸ ಮರೆತಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆ ಬೇಸಿಗೆಯಲ್ಲಿ ನನ್ನ ಗಂಡ ಮಾರುತಿ ಹದಿನೇಳು ವರ್ಷದ ಮಿಲಿಟರಿ ಚಾಕರಿ ಮುಗಿಸಿ ಐಗಳಿಗೆ ಬಂದರು. ಒಂದು ಕಬ್ಬಿಣದ ಟ್ರಂಕು, ಒಂದು ಸುತ್ತಿದ ಹಾಸಿಗೆ, ಮತ್ತು ಯಾರು ಕರೆದರೂ ನೆಟ್ಟಗೆ ನಿಲ್ಲುವ ಚಾಳಿ, ಇಷ್ಟು ತಂದಿದ್ದರು. ನಮ್ಮದು ಕುರಿ ಸಾಕುವ ಮನೆ. ಒಂದಿಷ್ಟು ಒಣಹೊಲ, ಒಂದು ಹಿಂಡು ಕುರಿ, ಮನೆಯಲ್ಲಿ ನಾನು ಮತ್ತು ಅತ್ತೆ. ಐಗಳಿಯಲ್ಲಿ ಆಗ ಹೈಸ್ಕೂಲಿಗೆ ಸರಿಯಾದ ಅನುಕೂಲ ಇರಲಿಲ್ಲವೆಂದು ಮಗಳನ್ನು ನಿಪ್ಪಾಣಿಯಲ್ಲಿ ನನ್ನವ್ವನ ಹತ್ತಿರ ಇಟ್ಟಿದ್ದೆ. ಮದುವೆಯಾದಾಗಿನಿಂದ ನಾನು ಗಂಡನನ್ನು ಕಂಡದ್ದೆಲ್ಲ ಬೇಸಿಗೆಯ ರಜೆಯಲ್ಲಿ. ಮಳೆ ಬೀಳುವುದರೊಳಗೆ ಅವರು ಟ್ರಂಕು ಎತ್ತುತ್ತಿದ್ದರು. ಒಂದು ಮಳೆಗಾಲವನ್ನೂ ನಾವು ಒಂದೇ ಸೂರಿನ ಕೆಳಗೆ ಕಳೆದಿರಲಿಲ್ಲ.

ಈಗಾದರೂ ಇರುತ್ತಾರೆ ಎಂದುಕೊಂಡರೆ, ಪುಣೆಯಲ್ಲಿ ಅವರ ಪಲ್ಟಣಿಯ ಜೊತೆಗಾರನೊಬ್ಬ ಕಾರಖಾನೆಯ ಗೇಟಿನಲ್ಲಿ ವಾಚಮನ್ ಜಾಗ ಹಿಡಿದಿಟ್ಟು ಕಾಯುತ್ತಿದ್ದ. ಹೊಲ ಎಲ್ಲರನ್ನೂ ಸಾಕುವಷ್ಟಿರಲಿಲ್ಲ. ಹೋಗಲೇಬೇಕು ಎಂದು ಆಗಿತ್ತು. ಅಷ್ಟರಲ್ಲಿ ಅಥಣಿಯ ಒಬ್ಬ ವಕೀಲರು ಮನೆಗೆ ಬಂದರು. ಅವರು ಬೆಳಗಾವಿಯ ಕಡೆಯ ಒಂದು ಬಂದೂಕಿನ ಕ್ಲಬ್ಬಿನ ಮೆಂಬರು. ಸ್ವಂತ ರೈಫಲ್ಲು ಇತ್ತು, ಗುರಿ ಹೊಡೆಯುವ ವಯಸ್ಸು ಹೋಗಿತ್ತು. ಮಾರುತಿ ಪಲ್ಟಣಿಯ ಗುರಿಕಾರರ ತಂಡದಲ್ಲಿದ್ದವರೆಂದು ಅವರಿಗೆ ಯಾರೋ ಹೇಳಿದ್ದರು.

"ನೋಡ್ರಿ ಮಾರುತಿ" ಎಂದರು ವಕೀಲರು ಚಹಾ ಬಸಿಗೆ ಸುರಿದುಕೊಳ್ಳುತ್ತ, "ಬೆಳಗಾವಿ ಹತ್ರ ಒಂದ ಬೋರ್ಡಿಂಗ್ ಸಾಲ್ಯಾಗ ಬಂದೂಕ ಕಲಸಾಕ ಮಾಸ್ತರು ಬೇಕಾಗ್ಯಾರ. ದೀಪಾವಳಿಗಿಂತ ಮದಲ ರಾಜ್ಯದ ಸ್ಪರ್ಧಾ ಐತಿ. ಅಲ್ಲಿ ಗೆದ್ದು ರಾಜ್ಯದ ತಂಡದಾಗ ನಿಮ್ಮ ಹೆಸರ ಬಂದ್ರ ಆ ಸಾಲಿ ಸಮಿತಿಯವರು ಇಲ್ಲ ಅನ್ನಂಗಿಲ್ಲ. ಕ್ವಾರ್ಟರ್ಸೂ ಕೊಡ್ತಾರ."

ನನ್ನ ಕಿವಿಗೆ ಬಿದ್ದದ್ದು ಕ್ವಾರ್ಟರ್ಸ್ ಒಂದೇ. ಎರಡು ಕೋಣೆ, ಒಂದು ನಲ್ಲಿ, ಮಗಳು ನಮ್ಮ ಹತ್ತಿರ, ಅತ್ತೆ ಹೊಸ್ತಿಲಲ್ಲಿ ಕೂತು ಉಣ್ಣೆ ನೂಲುವುದು. ಚಹಾದ ಬಸಿ ತೊಳೆದಿಡುವಷ್ಟರಲ್ಲಿ ಮನಸ್ಸಿನಲ್ಲಿ ಸಾಮಾನನ್ನೆಲ್ಲ ಜೋಡಿಸಿ ಮುಗಿಸಿದ್ದೆ.

ಒಂದು ತೊಡಕಿತ್ತು. ವಕೀಲರ ರೈಫಲ್ಲು ಹಳೆಯದು, ಪರದೇಶದ್ದು. ಅದರ ಹೊಸ ಕಾಡತೂಸು ಸಿಗುವುದು ದುಸ್ತರ. ಕ್ಲಬ್ಬಿನಲ್ಲಿ ಪರವಾನಗಿಯ ಮೇಲೆ ಹಳೆಯ ಪುಂಗಳಿಗಳನ್ನೇ ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದರು. ಪುಂಗಳಿ ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆ. ಮದ್ದಿನ ಕೆಲಸವೆಲ್ಲ ಕ್ಲಬ್ಬಿನಲ್ಲೇ, ಬೀಗದ ಕೋಣೆಯಲ್ಲಿ. ಮನೆಗೆ ಬಂದದ್ದು ಖಾಲಿ ಪುಂಗಳಿಗಳು, ಒಂದು ಕೈಪ್ರೆಸ್ಸು, ಉಕ್ಕಿನ ಒಂದು ಸಾಚಾ ಅಂದರೆ ಅಚ್ಚು, ಮತ್ತು ಅಳತೆ ನೋಡುವ ಒಂದು ಗೇಜು.

ಗುಂಡು ಹಾರುವಾಗ ಪುಂಗಳಿ ಬಂದೂಕಿನೊಳಗೆ ಉಬ್ಬುತ್ತದೆ. ಅದನ್ನು ಸಾಚಾದೊಳಗೆ ಒತ್ತಿ ಮತ್ತೆ ಅಳತೆಗೆ ತರಬೇಕು. ಪುಂಗಳಿಗೆ ಕೊರಳಿದೆ, ಹೆಗಲಿದೆ, ಬುಡವಿದೆ. ಕಡಿಮೆ ಒತ್ತಿದರೆ ಬಂದೂಕಿನಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಒತ್ತಿದರೆ ಹೆಗಲು ಕೆಳಗಿಳಿಯುತ್ತದೆ. ಆಮೇಲೆ ಹಾರಿಸಿದಾಗಲೆಲ್ಲ ಬುಡದ ಹತ್ತಿರ ಹಿಗ್ಗಿ ಹಿಗ್ಗಿ ಒಂದು ದಿನ ಎರಡು ತುಂಡಾಗುತ್ತದೆ. ಹಾಗೆ ತುಂಡಾದರೆ ಹಾರಿಸುವವನ ಮುಖಕ್ಕೇ ಅಪಾಯ. ಈ ಎರಡರ ನಡುವಿನ ಜಾಗ ಕೂದಲೆಳೆಯಷ್ಟು. ಅಷ್ಟರಲ್ಲಿ ಎಲ್ಲ ಪುಂಗಳಿಗಳೂ ಒಂದೇ ಸಮ ನಿಲ್ಲಬೇಕು, ಇಲ್ಲದಿದ್ದರೆ ಗುಂಡುಗಳೂ ಒಂದೇ ಕಡೆ ಹೋಗುವುದಿಲ್ಲ.

"ಈ ಕೆಲಸ ನೀ ಮಾಡ" ಎಂದರು ಮಾರುತಿ. "ನಿಂದು ಬೀಡಿ ಸುತ್ತಿದ ಕೈ. ಒಂದ ದಪ್ಪ ಒಂದ ಸಣ್ಣ ಆಗಂಗಿಲ್ಲ."

ನಿಪ್ಪಾಣಿಯಲ್ಲಿ ಮದುವೆಗೆ ಮುಂಚೆ ಬೀಡಿ ಸುತ್ತಿದವಳು ನಾನು. ಒಂದೇ ಸಮ ಇಲ್ಲದ್ದನ್ನು ಅಲ್ಲಿ ಕಣ್ಣೆದುರೇ ಮುರಿದು ಎಸೆಯುತ್ತಿದ್ದರು. ಆ ಕೈಯಿಂದ ತಪ್ಪಿಸಿಕೊಂಡೆ ಎಂದು ಮದುವೆಯಾಗಿ ಬಂದರೆ ಅದೇ ಕೈ ಇಲ್ಲಿಯೂ ಹಾಜರಿ ಹಾಕಬೇಕಾಯಿತು. ಬೇಡ ಎನ್ನಲಿಲ್ಲ. ಕ್ವಾರ್ಟರ್ಸ್ ಕಣ್ಣಿನಲ್ಲಿ ಕಟ್ಟಿತ್ತು.

ಮಳೆಗಾಲ ಶುರುವಾಯಿತು. ಬೆಳಿಗ್ಗೆ ರೊಟ್ಟಿ ಬಡಿದು, ಕುರಿಹಟ್ಟಿ ಬಳಿದು, ಹೊಲದಲ್ಲಿ ಕಳೆ ತೆಗೆದು, ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯ ಕಿಟಕಿಯ ಹತ್ತಿರ ಪ್ರೆಸ್ಸಿನ ಮುಂದೆ ಕೂರುತ್ತಿದ್ದೆ. ದಪ್ಪ ಹಲಗೆಗೆ ಅದನ್ನು ಬೋಲ್ಟು ಹಾಕಿ ಕೂರಿಸಿದ್ದರು. ಒಂದು ಪುಂಗಳಿ ಒರೆಸಬೇಕು, ಬೆರಳಿನಿಂದ ಜಿಡ್ಡು ಸವರಬೇಕು, ಹಿಡಿಕೆ ಒತ್ತಬೇಕು. ತಳ ಮುಟ್ಟಿದ ಮೇಲೆ ಒಂದು ಉಸಿರು ಹಾಗೆಯೇ ಹಿಡಿಯಬೇಕು. ಬಿಟ್ಟು, ಅರ್ಧ ತಿರುಗಿಸಿ ಮತ್ತೊಮ್ಮೆ. ಆಮೇಲೆ ಗೇಜಿನಲ್ಲಿ ಇಳಿಬಿಟ್ಟು ನೋಡಬೇಕು. ಗೇಜಿನ ಬಾಯಲ್ಲಿ ಎರಡು ಮೆಟ್ಟಿಲಿದ್ದವು. ಪುಂಗಳಿಯ ಬುಡ ಆ ಎರಡರ ನಡುವೆ ಕೂತಿದೆಯೋ ಇಲ್ಲವೋ ಎಂದು ಉಗುರು ಆಡಿಸಿದರೆ ತಿಳಿಯುತ್ತಿತ್ತು.

ಮಾರುತಿ ಎದುರಿಗೆ ಕೂತು ಜಿಡ್ಡು ಒರೆಸಿ ಕೊಡುತ್ತಿದ್ದರು. ಗೇಜು ಮಾತ್ರ ಅವರು ಮುಟ್ಟಲಿಲ್ಲ. "ನೀನ ನೋಡ" ಎಂದು ನನ್ನ ಕಡೆ ಸರಿಸುತ್ತಿದ್ದರು. ಪಲ್ಟಣಿಯಲ್ಲಿ ಹವಾಲ್ದಾರಿಕೆ ಮಾಡಿದ ಗತ್ತು ಎಂದು ಒಳಗೊಳಗೇ ನಕ್ಕಿದ್ದೆ. ಹೊರಗೆ ಮಳೆ, ಒಳಗೆ ಹಿಡಿಕೆಯ ಕಿರ್‌ ಸದ್ದು. ಅವರು ಹಿಮದಲ್ಲಿ ಬೂಟು ಹೆಪ್ಪುಗಟ್ಟಿದ ಕತೆ ಹೇಳುತ್ತಿದ್ದರು, ನಾನು ಅವರಿಲ್ಲದಾಗ ಕುರಿಗಳಿಗೆ ರೋಗ ಬಂದ ಕತೆ ಹೇಳುತ್ತಿದ್ದೆ. ಹದಿನೇಳು ವರ್ಷದ ಮಾತು ಬಾಕಿಯಿತ್ತು. ದಣಿವಿನಿಂದ ಕಣ್ಣು ಮುಚ್ಚಿಕೊಂಡು ಬಂದರೂ ಏಳಲು ಮನಸ್ಸಾಗುತ್ತಿರಲಿಲ್ಲ.

ವಕೀಲರು ಕೊಟ್ಟ ಡಬ್ಬಿಯ ಜಿಡ್ಡು ಬೇಗ ತೀರಿತು. ಶೇಂಗಾ ಎಣ್ಣೆ ಹಚ್ಚಿ ನೋಡಿದೆ, ಒಂದು ಪುಂಗಳಿ ಸಾಚಾದೊಳಗೆ ಕಚ್ಚಿಕೊಂಡು ಕೂತಿತು. ಅದನ್ನು ಬಿಡಿಸಲು ಅಥಣಿಯ ಲೇಥ್ ಅಂಗಡಿಗೇ ಹೋಗಬೇಕಾಯಿತು. ಔಡಲೆಣ್ಣೆಯೂ ಆಗಲಿಲ್ಲ. ಇದನ್ನೆಲ್ಲ ಅತ್ತೆ ಮೂಲೆಯಲ್ಲಿ ಉಣ್ಣೆ ಹಿಂಜುತ್ತ ನೋಡುತ್ತಿದ್ದರು.

"ನಾ ಹಿಮ್ಮಡಿಗಿ ಹಚ್ಕೊಳೂದ ಹಚ್ಚಿ ನೋಡ ತಂಗಿ" ಎಂದರು. "ನನ್ನ ಹಿಮ್ಮಡಿ ಮಿದು ಮಾಡೇತಿ, ಈ ಹಿತ್ತಾಳಿ ಏನ ಮಹಾ."

ಹಸಿ ಉಣ್ಣೆಯನ್ನು ನೀರಿನಲ್ಲಿ ಕುದಿಸಿ ಆರಲು ಬಿಟ್ಟರೆ ಮೇಲೆ ಹಳದಿ ಜಿಡ್ಡು ಕಟ್ಟುತ್ತದೆ. ಅತ್ತೆ ಅದನ್ನು ಸೋಸಿ ಒಂದು ಕರಟದಲ್ಲಿ ಇಡುತ್ತಿದ್ದರು. ಮನೆಯೆಲ್ಲ ತೊಯ್ದ ಕುರಿಯ ವಾಸನೆ. ಆದರೆ ಆ ಜಿಡ್ಡು ಹಚ್ಚಿದ ಪುಂಗಳಿ ಸಾಚಾದೊಳಗೆ ಸದ್ದಿಲ್ಲದೆ ಇಳಿದು ಸದ್ದಿಲ್ಲದೆ ಹೊರಬಂತು. ಮೊದಮೊದಲು ಖುಷಿಯಲ್ಲಿ ದಪ್ಪಗೆ ಹಚ್ಚಿದೆ, ಜಿಡ್ಡು ಒಳಗೆ ಸಿಕ್ಕಿ ಹೆಗಲ ಮೇಲೆ ಗುಳಿ ಬಿದ್ದವು. ಬೆರಳಿಗೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಮಾಡಲು ಕಲಿತೆ. ಆಗ ಹತ್ತಿದ ವಾಸನೆ ಇದು.

ಆದರೂ ಎಲ್ಲವೂ ಒಂದೇ ಸಮ ಬರಲೊಲ್ಲವು. ಅದೇ ಕೈ, ಅದೇ ಜಿಡ್ಡು, ಅದೇ ಉಸಿರು; ಒಂದು ಸರಿಯಾಗಿ ಕೂತರೆ ಇನ್ನೊಂದು ಗೇಜಿನಲ್ಲಿ ಎದ್ದು ನಿಲ್ಲುತ್ತಿತ್ತು. ವಕೀಲರು ಬಂದಾಗ ಕೇಳಿದೆ. ಅವರು ಸಮಾಧಾನವಾಗಿ ಹೇಳಿದರು, "ಹಿತ್ತಾಳಿ ಪದೇ ಪದೇ ಉಬ್ಬಿ, ಪದೇ ಪದೇ ಒತ್ತಿಸಿಕೊಂಡು ಬಿರಸ ಆಗ್ತೈತಿ ನೋಡವಾ. ಹೊಸಾದು ಒತ್ತಿದಂಗ ಇರ್ತೈತಿ. ಬಹಳ ಸಲ ಹಾರಿದ್ದು ಕೈ ಬಿಟ್ಟ ಕೂಡ್ಲೆ ತಿರಗಿ ಉಬ್ಬತೈತಿ. ಅವನ್ನ ಬ್ಯಾರೆ ಬ್ಯಾರೆ ಇಟ್ಟು, ಒಂದೊಂದಕ್ಕ ಸಾಚಾ ಒಂದೊಂದ ನಮೂನಿ ಇಳಸಬೇಕು."

ಅಂದಿನಿಂದ ಮೂರು ಡಬ್ಬಿ ಮಾಡಿದೆ. ಒಂದೆರಡು ಸಲ ಹಾರಿದವು, ನಡುವಿನವು, ಹಳೆಯವು. ಬುಡದ ಮೇಲೆ ಕರಿ ಮಸಿಯಿಂದ ಗೀಟು ಎಳೆದು ಗುರುತು ಹಾಕಿದೆ. ಮಾರುತಿ ಕ್ಲಬ್ಬಿಗೆ ಹೋಗಿ ಬಂದಾಗಲೆಲ್ಲ ಗೀಟು ಒಂದೊಂದು ಹೆಚ್ಚಾಗುತ್ತಿತ್ತು. ಶ್ರಾವಣ ಹೋಯಿತು, ಗಣಪತಿ ಬಂದು ಹೋದ. ಹಿಂಗಾರಿಗೆ ಜೋಳ ಬಿತ್ತಿ ಬಂದ ದಿನವೂ ಪ್ರೆಸ್ಸಿನ ಮುಂದೆ ಕೂತೆ. ಭುಜ ಮೇಲೆ ಎತ್ತಲಾಗದೆ ಎಡಗೈಯಿಂದ ತಲೆ ಬಾಚಿಕೊಳ್ಳುತ್ತಿದ್ದೆ. ಆದರೆ ದಸರೆಯ ಹೊತ್ತಿಗೆ ಮೂರೂ ಡಬ್ಬಿಯ ಪುಂಗಳಿಗಳು ಗೇಜಿನಲ್ಲಿ ಒಂದೇ ಸಮ ಕೂತವು. ಎಷ್ಟೋ ವರ್ಷದ ಮೇಲೆ ಮನಸ್ಸು ಹಗುರವಾಗಿತ್ತು.

ಖಂಡೇನವಮಿಯ ಹಿಂದಿನ ದಿನ ಬಾಳೆಹಣ್ಣು, ಚೆಂಡುಹೂವು ತರಲು ಅಥಣಿಗೆ ಹೋಗಿದ್ದೆ. ಮರುದಿನ ಆಯುಧ, ಹತಾರಗಳ ಪೂಜೆ. ಚೀಲ ಹೊತ್ತು ಅಂಗಳಕ್ಕೆ ಕಾಲಿಟ್ಟರೆ ಕಣ್ಣು ಕುಕ್ಕಿತು. ಕರಿ ಕಂಬಳಿಯ ಮೇಲೆ ಎಲ್ಲ ಪುಂಗಳಿಗಳೂ ಬಿಸಿಲಿಗೆ ಹರವಿಕೊಂಡು ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ಮೂರು ಡಬ್ಬಿ ಬೋರಲು. ಅತ್ತೆ ಹುಣಸೆಹಣ್ಣು, ಬೂದಿ ಹಿಡಿದ ಕೈಯನ್ನು ತೊಳೆದುಕೊಳ್ಳುತ್ತಿದ್ದರು.

"ನೋಡವಾ ಸುಶೀಲಾ" ಎಂದರು, ಮುಖವೂ ಹೊಳೆಯುತ್ತಿತ್ತು. "ಬಂಗಾರ ಆಗ್ಯಾವ."

"ಏನ ಮಾಡೀರಿ ಅತ್ತಿ?"

"ತೊಳದೆ. ಬಂದೂಕು ವಕೀಲರ ಮನ್ಯಾಗ ಐತಿ, ನನ್ನ ಮಗನ ಹತಾರ ಅಂದ್ರ ಮನ್ಯಾಗ ಇವ ಅಲಾ? ಕರಿ ಮಾರಿ ಇಟ್ಕೊಂಡು ದೇವರ ಮುಂದ ಕುಂಡ್ರತಾವೇನು? ಡಬ್ಬಿ ಸುದ್ದಾ ತಿಕ್ಕೇನಿ."

ಒಂದನ್ನು ಎತ್ತಿ ಬುಡ ನೋಡಿದೆ. ಗೀಟು ಇರಲಿಲ್ಲ. ಇನ್ನೊಂದರಲ್ಲೂ ಇರಲಿಲ್ಲ. ಮೂರು ಡಬ್ಬಿಯವೂ ಒಂದರೊಳಗೊಂದು ಬೆರೆತಿದ್ದವು. ಕಂಬಳಿಯ ಅಂಚಿಗೆ ಕೂತುಬಿಟ್ಟೆ.

"ಅವು ಬ್ಯಾರೆ ಬ್ಯಾರೆ ಇದ್ದೂರಿ ಅತ್ತಿ" ಎಂದೆ.

"ಬ್ಯಾರೆ ಬ್ಯಾರೆ ಯಾಕ? ಎಲ್ಲಾ ಒಂದ ಅವ" ಎಂದರು ಅವರು ನಿಜವಾಗಿಯೂ ಅರ್ಥವಾಗದೆ. "ನೀನ ಅಲ್ಲಾ ಮಳಿಗಾಲೆಲ್ಲಾ ಕುಂತು ಒಂದೇ ಸಮ ಮಾಡಿದಾಕಿ?"

ಅಷ್ಟರಲ್ಲಿ ಕುರಿಗೆ ತೊಪ್ಪಲು ಹೊತ್ತುಕೊಂಡು ಮಾರುತಿ ಬಂದರು. ಕಂಬಳಿ ನೋಡಿದರು, ನನ್ನ ಮುಖ ನೋಡಿದರು, ಹೊರೆ ಇಳಿಸಿ "ಇರ್ಲಿ ಬಿಡ" ಎಂದರು. ಅತ್ತೆಯ ಮೇಲೆ ಬಾರದ ಸಿಟ್ಟು ಆಗ ಅವರ ಮೇಲೆ ಬಂತು. ಇರಲಿ ಅಂದರೆ ಹೇಗೆ? ಸ್ಪರ್ಧೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಅವರ ನೌಕರಿ, ಮಗಳು, ನಮ್ಮ ಮನೆ ಎಲ್ಲವೂ ಆ ಡಬ್ಬಿಗಳಲ್ಲಿ ಇದ್ದವು ಎಂದೇ ನಾನು ತಿಳಿದಿದ್ದೆ. ಇವರಿಗೆ ಬೇಕೋ ಬೇಡವೋ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಳಗೆ ಹೋದೆ. ಆ ದಿನ ಅತ್ತೆ ಊಟಕ್ಕೆ ಕೂಡಲಿಲ್ಲ.

ಮರುದಿನ ಕುರಿ ಕತ್ತರಿಸುವ ಕತ್ತರಿ, ಕುಡಗೋಲು, ಕೊಡಲಿಗಳ ನಡುವೆ ಪುಂಗಳಿಗಳೂ ಮನೆದೇವರು ಬೀರಪ್ಪನ ಮುಂದೆ ಚೆಂಡುಹೂವು ಏರಿಸಿಕೊಂಡು ಕೂತವು. ಅದರ ಮಾರನೆಯ ದಿನ ಅತ್ತೆ ಬನ್ನಿ ಎಲೆ ನನ್ನ ಕೈಗಿಟ್ಟು, "ಬಂಗಾರದಂಗ ಇರೂಣು ತಂಗಿ" ಎಂದರು. ಕಾಲು ಮುಟ್ಟಿದೆ. ಮುಖ ಮಾತ್ರ ಸಡಿಲಾಗಲಿಲ್ಲ.

ಆಮೇಲೆ ಮತ್ತೆ ಪ್ರೆಸ್ಸಿನ ಮುಂದೆ ಕೂತೆ. ಬೂದಿಯ ಕಣವೊಂದು ಉಳಿದರೂ ಸಾಚಾಕ್ಕೆ ಗೆರೆ ಬೀಳುತ್ತದೆ, ಅದಕ್ಕೆ ಎಲ್ಲವನ್ನೂ ಚಿಮಣಿ ಎಣ್ಣೆಯಲ್ಲಿ ಅದ್ದಿ ಒರೆಸಿದೆ. ಕಣ್ಣಿಗೆ ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು, ಕೈಯನ್ನೇ ಕೇಳಬೇಕಿತ್ತು. ಸಾಚಾವನ್ನು ಒಂದೇ ಕಡೆ ನಿಲ್ಲಿಸಿ ಒಂದೊಂದನ್ನೇ ಒತ್ತಿದೆ. ಹೊಸತು ಹಿಡಿಕೆಗೆ ಮೆತ್ತಗೆ ಬಗ್ಗುತ್ತಿತ್ತು. ಹಳೆಯದು ಕೊನೆಯಲ್ಲಿ ಒಂದಿಷ್ಟು ಎದುರಾಡಿ, ಗೇಜಿಗೆ ಬಿಟ್ಟರೆ ಉಗುರಿಗೆ ತಡೆಯುತ್ತಿತ್ತು. ಕೊಕ್ಕೆ ಮಾಡಿದ ತಂತಿಯನ್ನು ಒಳಗೆ ಆಡಿಸಿ, ಬುಡದ ಹತ್ತಿರ ಸವೆದು ತಗ್ಗು ಬಿದ್ದವನ್ನು ತೆಗೆದು ಬೇರೆ ಇಟ್ಟೆ. ಹೀಗೆ ಎಲ್ಲವನ್ನೂ ಮತ್ತೆ ಮೂರು ಪಾಲು ಮಾಡಿ, ಮತ್ತೆ ಒತ್ತಿ ಸಮ ಮಾಡಿದೆ. ಒಂದು ಮಧ್ಯಾಹ್ನ ಹಿಡಿಕೆಯ ಮೇಲೆ ಹಣೆ ಇಟ್ಟು ಹಾಗೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಅತ್ತೆ ಹಿಂದೆ ಕೂತು ಅದೇ ಉಣ್ಣೆಜಿಡ್ಡನ್ನು ನನ್ನ ಭುಜಕ್ಕೆ ತಿಕ್ಕುತ್ತಿದ್ದರು.

ಮಾರುತಿ ವಕೀಲರ ಜೊತೆ ಬೆಂಗಳೂರಿಗೆ ಹೋದರು. ಹಿಂದಿರುಗಿದ್ದು ಒಂದು ಮಧ್ಯಾಹ್ನ. ಕಾಲು ತೊಳೆದರು, ಚಹಾ ಕುಡಿದರು. ಬಸಿ ಕೆಳಗಿಟ್ಟ ಮೇಲೆ "ತಂಡದಾಗ ಹೆಸರ ಬರ್ಲಿಲ್ಲ" ಎಂದರು.

ನನ್ನ ಬಾಯಿಂದ ಮೊದಲು ಬಂದದ್ದು, "ಪುಂಗಳಿ?"

"ಪುಂಗಳಿ ಏನೂ ಮಾಡಿಲ್ಲ. ವಕೀಲರು ಮರಳಿನ ಚೀಲದ ಮ್ಯಾಲೆ ಬಂದೂಕ ಇಟ್ಟು ಅದ ಡಬ್ಬ್ಯಾಗಿನವು ಹಾರ್ಸಿ ನೋಡಿದ್ರು. ಎಲ್ಲಾ ಒಂದ ರೂಪಾಯಿ ಬಿಲ್ಲೇದಾಗ ಕುಂತೂ."

"ಮತ್ತ ನಿಮ್ಮವು?"

"ನನ್ನವು ಸಂತಿಗಿ ಹ್ವಾದಂಗ ಹ್ವಾದೂ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಎರಡ ವರ್ಷ ಆತು ಸುಶೀಲಾ, ಬಲಗಣ್ಣಿನ ನಟ್ಟನಡುವ ಒಂದ ಮಬ್ಬ ಕುಂತೈತಿ. ನೋಡಬೇಕಾದ್ದ ಅಷ್ಟ ಕಾಣಂಗಿಲ್ಲ, ಸುತ್ತಲಿಂದೆಲ್ಲಾ ಕಾಣತೈತಿ. ಇದು ಹೋಗೂದಲ್ಲ ಅಂತ ಮಿಲ್ಟ್ರಿ ಡಾಕ್ಟರು ಆವಾಗ ಹೇಳಿದ್ರು. ಕ್ಲಬ್ಬಿನಾಗ ಗುರಿ ತಪ್ಪಿದಾಗೆಲ್ಲಾ ರೂಢಿ ಹೋಗೇತಿ ಅಂತ ವಕೀಲರಿಗಿ ಹೇಳ್ಕೋತ ಬಂದೆ."

ಗೇಜನ್ನು ನನ್ನ ಕಡೆ ಸರಿಸುತ್ತಿದ್ದ ಕೈ ನೆನಪಾಯಿತು. ಅತ್ತೆ ಸೂಜಿಗೆ ದಾರ ಪೋಣಿಸಿಕೊಡು ಎಂದಾಗಲೆಲ್ಲ ಅವರು ಎದ್ದು ಹಟ್ಟಿಯ ಕಡೆ ಹೋಗುತ್ತಿದ್ದದ್ದು ನೆನಪಾಯಿತು. ಅಂಗಳದಲ್ಲಿ ಹೇಳಿದ ಆ 'ಇರ್ಲಿ ಬಿಡ' ಕೂಡ.

"ಮದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಅವತ್ತ ಪ್ರೆಸ್ ಬಿಚ್ಚಿಡ್ತಿದ್ದಿ. ನಾ ಮರುದಿನ ಪುಣೆ ಗಾಡಿ ಹತ್ತಬೇಕಾಗ್ತಿತ್ತು." ಕಿಟಕಿಯ ಹತ್ತಿರದ ಹಲಗೆಯ ಕಡೆ ನೋಡಿದರು. "ಒಂದ ಮಳಿಗಾಲ ಮನ್ಯಾಗ ಇರಬೇಕ ಅನಿಸ್ತು."

ಸಿಟ್ಟು ಬಂತು. ನನ್ನ ಭುಜ, ನನ್ನ ಮಧ್ಯಾಹ್ನಗಳು, ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಆ ಎರಡು ಕೋಣೆಯ ಮನೆ, ಎಲ್ಲವೂ ಒಮ್ಮೆಗೇ ಎದುರು ನಿಂತವು. ಅಳುವೂ ಬಂತು, ಏಕೆಂದರೆ ಆ ಮಳೆಗಾಲ ನನಗೂ ಬೇಕಾಗಿತ್ತು. ಜಗಳವಾಡಬೇಕೋ ಅವರ ಕೈ ಹಿಡಿದುಕೊಳ್ಳಬೇಕೋ ತಿಳಿಯದಷ್ಟು ದಣಿದಿದ್ದೆ. ಎದ್ದು ಹೋಗಿ ಮತ್ತೆ ಚಹಾಕ್ಕೆ ಇಟ್ಟೆ.

ದೀಪಾವಳಿ ಮುಗಿದ ಮೇಲೆ ಅವರು ಪುಣೆಗೆ ಹೋದರು. "ವಾಚಮನ್‌ಗ ಒಂದ ಕಣ್ಣ ಸಾಕಾಗ್ತೈತಿ" ಎಂದು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅತ್ತೆಯನ್ನು ನಗಿಸಲು ನೋಡಿದರು. ಪ್ರೆಸ್ಸು, ಸಾಚಾ, ಗೇಜು, ಒಳ್ಳೆಯ ಪುಂಗಳಿಗಳನ್ನು ವಕೀಲರು ಒಯ್ದರು. ಬುಡ ಸವೆದು ಕೆಲಸಕ್ಕೆ ಬಾರದವನ್ನು "ಹಳೇ ಹಿತ್ತಾಳಿ ಕೊಳ್ಳೂ ಭಾಂಡಿಯವರಿಗೆ ಹಾಕ್ರಿ" ಎಂದು ಬಿಟ್ಟುಹೋದರು. ಹಾಕಲಿಲ್ಲ. ಒಂದು ಡಬ್ಬಿಯಲ್ಲಿ ತುಂಬಿ ನೆಲುವಿನ ಮೇಲಿಟ್ಟೆ.

ಮುಂದಿನ ವರ್ಷದ ಖಂಡೇನವಮಿಗೆ ಅವರಿಗೆ ರಜೆ ಸಿಗಲಿಲ್ಲ. ಹಿಂದಿನ ದಿನ ಅತ್ತೆ ಅಂಗಳದಲ್ಲಿ ಕುಡಗೋಲು, ಕತ್ತರಿ ಹರವಿಕೊಂಡು ಕೂತಿದ್ದರು. ಆಗಾಗ ನೆಲುವಿನ ಕಡೆ ನೋಡುತ್ತಿದ್ದರು, ಆಮೇಲೆ ನನ್ನ ಕಡೆ. ಹುಣಸೆಹಣ್ಣನ್ನು ಬೆಳಿಗ್ಗೆಯೇ ನಾನು ನೆನೆಹಾಕಿ ಇಟ್ಟಿದ್ದೆ. ಅದನ್ನೂ ಡಬ್ಬಿಯನ್ನೂ ತಂದು ಅವರ ಎದುರಿಗೆ ಕೂತೆ.

ಇಬ್ಬರೂ ತಿಕ್ಕತೊಡಗಿದೆವು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ, ಕೈಯಲ್ಲಿದ್ದದ್ದನ್ನು ಎಲ್ಲಿಡಬೇಕೆಂದು ತಿಳಿಯದೆ, ಅಳುಕುತ್ತ ಕೇಳಿದರು, "ಬ್ಯಾರೆ ಬ್ಯಾರೆ ಇಡಬೇಕೇನ ತಂಗಿ?"

"ಬ್ಯಾಡ ಬಿಡ್ರಿ ಅತ್ತಿ" ಎಂದೆ. "ಎಲ್ಲಾ ಒಂದ ಅವ."